ಹನ್ನೊಂದನೇ ನಂಬರಿನ ಕೀಪರ್

ನಾನು ಮದ್ದೂರಿನಲ್ಲಿ ಹಲ್ಲಿನ ಡಾಕ್ಟರು. ನನ್ನ ಮೇಜಿನ ಮೂರನೇ ಡ್ರಾಯರಿನಲ್ಲಿ, ರೋಗಿಗಳ ಹಲ್ಲಿನ ಅಚ್ಚುಗಳ ಕೆಳಗೆ, ಒಂದು ಆಲ್ಬಂ ಇದೆ. ಅದರಲ್ಲಿರುವುದು ಒಂದು ಕಾಲದಲ್ಲಿ ಚೂಯಿಂಗ್ ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡುಗಳು. ಸಿಹಿ ಕಮ್ಮಿ ಮಾಡಿ, ಅಂಟು ತಿನಿಸು ಮುಟ್ಟಲೇಬೇಡಿ ಎಂದು ದಿನವಿಡೀ ಊರಿಗೆ ಬುದ್ಧಿ ಹೇಳುವ ಹೆಂಗಸು ಸಂಜೆ ಶಟರ್ ಎಳೆದ ಮೇಲೆ ಅದೇ ಅಂಟು ತಿನಿಸಿನ ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡುತ್ತಾ ಕೂರುತ್ತಾಳೆ ಎಂದರೆ ನಿಮಗೆ ನಗು ಬರಬಹುದು. ನಗಿ. ನಗುವಾಗ ಬಾಯಿ ಕೊಂಚ ಅಗಲವಾಗಿ ತೆರೆದರೆ ನಾನೂ ಹಾಗೇ ಒಂದು ಸಲ ಕಣ್ಣು ಹಾಯಿಸುತ್ತೇನೆ.

ನಾನು ಬೆಳೆದದ್ದು ಮಳವಳ್ಳಿಯಲ್ಲಿ. ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಸ್ಕೂಲಿನ ಎದುರಿನ ಪೆಟ್ಟಿಗೆ ಅಂಗಡಿಗೆ ಮಂಡ್ಯದಿಂದ ಒಂದು ಹೊಸ ಚೂಯಿಂಗ್ ಗಮ್ ಬಂತು. ಅಲ್ಲಿ ಪೇಟೆ ಬೀದಿಯ ಹಿಂದುಗಡೆ ಯಾರೋ ಒಬ್ಬರು ಪೆಪ್ಪರಮೆಂಟು ತಯಾರಿಸುತ್ತಿದ್ದರಂತೆ. ಕಬ್ಬಿನ ಸೀಮೆ, ಸಕ್ಕರೆಗೆ ಬರವಿಲ್ಲ. ಒಂದು ದಿನ ಅವರಿಗೆ ಚೂಯಿಂಗ್ ಗಮ್ ಮಾಡುವ ಮನಸ್ಸಾಯಿತು. ಮೊದಲ ಎರಡು ನಿಮಿಷ ಅದು ಸಿಹಿಯಾಗಿರುತ್ತಿತ್ತು, ಆಮೇಲೆ ಸೈಕಲ್ ಟ್ಯೂಬಿನ ಹಾಗೆ. ಆದರೆ ಪ್ರತಿ ಪೊಟ್ಟಣದೊಳಗೆ ಒಂದು ಬಣ್ಣದ ಕಾರ್ಡು, ಕಾರ್ಡಿನ ಹಿಂಬದಿಯಲ್ಲಿ ಒಂದು ಪ್ರಕಟಣೆ: ಇಪ್ಪತ್ತನಾಲ್ಕು ಕಾರ್ಡುಗಳನ್ನೂ ಕೂಡಿಸಿ ತಂದವರಿಗೆ ಒಂದು ಕ್ರಿಕೆಟ್ ಬ್ಯಾಟು ಉಚಿತ.

ನಾನು ಆ ಬ್ಯಾಟಿಗಾಗಿ ಒಂದು ವರ್ಷ ಅಗಿದೆ. ಬ್ಯಾಟು ಬರಲಿಲ್ಲ, ನಾಲ್ಕು ದವಡೆ ಹಲ್ಲು ಹೋದವು. ನಮ್ಮಪ್ಪ ನನ್ನನ್ನು ಬಸ್ಸು ಹತ್ತಿಸಿ ಮಂಡ್ಯದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಾಗಲೇ ನನಗೆ ಹೊಳೆದದ್ದು, ಈ ಕೆಲಸದಲ್ಲಿ ಮಲಗುವುದಕ್ಕಿಂತ ನಿಲ್ಲುವುದು ಮೇಲು ಎಂದು. ಹೀಗಾಗಿ ನನ್ನ ಹವ್ಯಾಸವನ್ನೂ ಹೊಟ್ಟೆಪಾಡನ್ನೂ ಒಂದೇ ಪೆಪ್ಪರಮೆಂಟು ಕಾರ್ಖಾನೆ ಒದಗಿಸಿಕೊಟ್ಟಿತು. ಎಷ್ಟು ಜನಕ್ಕೆ ಸಿಗುತ್ತದೆ ಈ ಭಾಗ್ಯ?

ಕಾರ್ಡುಗಳ ವಿಷಯಕ್ಕೆ ಬರುತ್ತೇನೆ. ಬೇರೆ ಕಡೆಯ ಕಾರ್ಡುಗಳಲ್ಲಿ ಆಟಗಾರರ ಹೆಸರಿರುತ್ತದೆ, ರನ್ನುಗಳ ಲೆಕ್ಕ ಇರುತ್ತದೆ. ನಮ್ಮ ಮಂಡ್ಯದ ಕಾರ್ಡಿನಲ್ಲಿ ಇದ್ದದ್ದು ಬರೀ ಹುದ್ದೆ. ಒಂದು, ಬೌಲರ್. ಎರಡು, ಬ್ಯಾಟ್ಸ್‌ಮನ್. ಮೂರು, ಬ್ಯಾಟ್ಸ್‌ಮನ್, ಎಡಗೈ. ಆಟಗಾರರು ಇವತ್ತು ಇರುತ್ತಾರೆ ನಾಳೆ ಟೀಮಿನಿಂದ ಹೋಗುತ್ತಾರೆ, ಹುದ್ದೆ ಮಾತ್ರ ಖಾಯಂ ಎಂದು ಕಾರ್ಖಾನೆಯ ಯಜಮಾನರು ಯೋಚಿಸಿದ್ದರೋ ಏನೋ. ಹನ್ನೊಂದು ಜನ ಮುಗಿದ ಮೇಲೂ ಹದಿಮೂರು ಕಾರ್ಡು ಉಳಿಯಿತಲ್ಲ, ಅದಕ್ಕೆ ಅಂಪೈರು, ಸ್ಕೋರು ಬರೆಯುವವರು, ನೀರು ತರುವವರು, ರೋಲರ್ ಎಳೆಯುವವರು, ಚೆಂಡು ಹುಡುಕಲು ಬೇಲಿಯೊಳಗೆ ಹೋದವರು, ಕಡೆಗೆ ಇಪ್ಪತ್ತನಾಲ್ಕನೆಯದಾಗಿ ಕೊಡೆ ಹಿಡಿದು ಕೂತ ಒಬ್ಬ ಪ್ರೇಕ್ಷಕರು. ಕ್ರಿಕೆಟ್ಟಿನ ಇತಿಹಾಸದಲ್ಲಿ ಪ್ರೇಕ್ಷಕರಿಗೆ ಸ್ವಂತ ಕಾರ್ಡು ಸಿಕ್ಕಿದ್ದು ಬಹುಶಃ ಮಂಡ್ಯದಲ್ಲಿ ಮಾತ್ರ.

ಇವನ್ನೆಲ್ಲ ಬರೆದವರು ರಾಚಪ್ಪನವರು. ಮಳವಳ್ಳಿಯವರು, ಅಂಗಡಿಗಳ ಬೋರ್ಡು, ಗೋಡೆಯ ಮೇಲಿನ ಜಾಹೀರಾತು ಬರೆಯುತ್ತಿದ್ದ ಪೇಂಟರು. ಪ್ರತಿ ಕಾರ್ಡಿನ ಹುಲ್ಲಿನೊಳಗೆ ಬಲಗಡೆ ಸಣ್ಣದಾಗಿ ಅವರ ಹೆಸರಿದೆ. ಕ್ರಿಕೆಟ್ಟನ್ನು ಅವರು ರೇಡಿಯೋದಲ್ಲಿ ಮಾತ್ರ ಕೇಳಿದ್ದವರು ಎಂದು ನನ್ನ ಊಹೆ. ಆಟಗಾರರ ಮುಖ ಎಲ್ಲಿಂದ ತರುವುದು? ಎದುರಿಗೆ ಸಿಕ್ಕವರನ್ನು ನಿಲ್ಲಿಸಿ ಬರೆದುಬಿಟ್ಟರು. ಇದು ನನಗೆ ಗೊತ್ತಾದದ್ದು ಹನ್ನೆರಡನೇ ನಂಬರಿನ ಅಂಪೈರು ಪೊಟ್ಟಣದೊಳಗಿಂದ ಹೊರಬಂದ ದಿವಸ. ಬಿಳಿ ಕೋಟು ತೊಟ್ಟು, ಒಂದು ಬೆರಳು ಮೇಲೆತ್ತಿ, ಹುಬ್ಬು ಗಂಟು ಹಾಕಿಕೊಂಡು ನಿಂತಿದ್ದವರು ನಮ್ಮ ಸ್ಕೂಲಿನ ಹೆಡ್‌ಮಾಸ್ಟರು. ಅವರು ನಮ್ಮನ್ನು ಕ್ಲಾಸಿನಿಂದ ಆಚೆ ಕಳಿಸುವಾಗ ಎತ್ತುತ್ತಿದ್ದದ್ದೂ ಅದೇ ಬೆರಳು. ಕಾರ್ಡನ್ನು ಬಹಳ ದಿನ ಕಂಪಾಸ್ ಬಾಕ್ಸಿನಲ್ಲಿ ಮಗುಚಿ ಇಟ್ಟಿದ್ದೆ.

ಈಗ ಭೂತಗನ್ನಡಿಯಲ್ಲಿ ನೋಡುವಾಗ ನನಗೆ ರಾಚಪ್ಪನವರ ಮೇಲೆ ಗೌರವ ಹೆಚ್ಚುತ್ತಲೇ ಇದೆ. ಅವರ ಹುಲ್ಲು ನೋಡಬೇಕು ನೀವು. ಆಟದ ಮೈದಾನದ ಹುಲ್ಲು ಅಂಗೈಯಷ್ಟು ನುಣ್ಣಗಿರಬೇಕೆಂಬುದು ಅವರಿಗೆ ತಿಳಿಯದು. ಮಂಡ್ಯದವರಿಗೆ ಹಸಿರು ಎಂದರೆ ಗದ್ದೆ. ಹಾಗಾಗಿ ಅವರ ಬೌಲರು ಮೊಳಕಾಲುದ್ದದ ಪೈರಿನ ನಡುವೆ ಓಡಿ ಬರುತ್ತಾರೆ. ಆಕಾಶವನ್ನು ಮೇಲೆ ಕಡುನೀಲಿ ಬಳಿದು ಕೆಳಗಿಳಿಯುತ್ತಾ ತಿಳಿಯಾಗಿಸುತ್ತಾರೆ, ಗೊಬ್ಬರದ ಅಂಗಡಿಯ ಬೋರ್ಡಿನಲ್ಲಿ ಮಾಡುವ ಹಾಗೆಯೇ. ಚೆಂಡು ಯಾವಾಗಲೂ ಬ್ಯಾಟಿಗಿಂತ ಅಗಲ, ಏಕೆಂದರೆ ದೂರದಿಂದ ಕಾಣಿಸದ ವಸ್ತುವನ್ನು ಬರೆದು ಅವರಿಗೆ ಅಭ್ಯಾಸವಿಲ್ಲ. ಇದರ ಮೇಲೆ ಅಚ್ಚುಕೂಟದವರ ಕೈವಾಡ ಬೇರೆ. ಆ ಕಾಲದಲ್ಲಿ ನಾಲ್ಕು ಬಣ್ಣವನ್ನು ನಾಲ್ಕು ಸಲ ಒತ್ತಬೇಕಿತ್ತು. ಕಾಗದ ಒಂದು ಕೂದಲೆಳೆ ಜರುಗಿದರೂ ಮುಗಿಯಿತು. ನನ್ನ ಎಡಗೈ ಬ್ಯಾಟ್ಸ್‌ಮನ್ನಿನ ಮೀಸೆ ತುಟಿಯ ಮೇಲಿಲ್ಲ, ಕೆನ್ನೆಯ ಪಕ್ಕದಲ್ಲಿ ಹಾರಾಡುತ್ತಿದೆ. ಅವರು ಅದನ್ನು ಗಮನಿಸದೆ ಗಂಭೀರವಾಗಿ ಆಡುತ್ತಿದ್ದಾರೆ.

ಸ್ವಲ್ಪ ಪಾಂಡಿತ್ಯ ತೋರಿಸಲು ಅಪ್ಪಣೆ ಕೊಡಿ. ಈ ಕಾರ್ಡುಗಳ ವಂಶ ಹುಡುಕಿಕೊಂಡು ಹೋದರೆ ಅದು ಸಿಗರೇಟಿನ ಪೊಟ್ಟಣಕ್ಕೆ ಮುಟ್ಟುತ್ತದೆ. ಹಿಂದೆ ಪರದೇಶಗಳಲ್ಲಿ ಸಿಗರೇಟು ಮೆತ್ತನೆಯ ಕಾಗದದ ಪೊಟ್ಟಣದಲ್ಲಿ ಬರುತ್ತಿತ್ತು, ಜೇಬಿನಲ್ಲಿ ಮುರಿದುಹೋಗುತ್ತಿತ್ತು. ಮುರಿಯದಿರಲೆಂದು ಒಳಗೆ ಒಂದು ರಟ್ಟಿನ ತುಂಡು ಇಟ್ಟರು. ಖಾಲಿ ರಟ್ಟು ಯಾಕೆ ಎಂದು ಅದರ ಮೇಲೆ ಚಿತ್ರ ಅಚ್ಚು ಹಾಕಿದರು. ಜನ ಸಿಗರೇಟು ಸೇದಿ ಬಿಸಾಕಿ ರಟ್ಟನ್ನು ಇಟ್ಟುಕೊಂಡರು. ಅಂದರೆ ನಾವು ಸಂಗ್ರಹಕಾರರು ಎಷ್ಟೇ ಹೊಗಳಿದರೂ ಇದು ಮೂಲತಃ ಇನ್ನೊಂದಕ್ಕೆ ಒತ್ತು ಕೊಡಲು ಹುಟ್ಟಿದ ವಸ್ತು. ಈ ಮಾತನ್ನು ಮುಂದೆ ನೆನಪಿಗೆ ತಂದುಕೊಳ್ಳಬೇಕಾಗುತ್ತದೆ, ಅದಕ್ಕೇ ಹೇಳಿದೆ.

ನನ್ನ ಹತ್ತಿರ ಇದ್ದದ್ದು ಇಪ್ಪತ್ತಮೂರು ಕಾರ್ಡು. ಹನ್ನೊಂದನೇ ನಂಬರು, ವಿಕೆಟ್ ಕೀಪರ್, ಇರಲಿಲ್ಲ. ನನಗೆ ಮಾತ್ರವಲ್ಲ, ಮಳವಳ್ಳಿಯಲ್ಲಿ ಯಾರಿಗೂ ಇರಲಿಲ್ಲ. ದೊಡ್ಡವಳಾದ ಮೇಲೆ ಅರ್ಥವಾಯಿತು: ಇಪ್ಪತ್ತಮೂರನ್ನು ರಾಶಿ ರಾಶಿ ಅಚ್ಚು ಹಾಕಿ, ಒಂದನ್ನು ಕೈಬೆರಳೆಣಿಕೆಯಷ್ಟು ತೆಗೆದರೆ ಬ್ಯಾಟು ಕೊಡುವ ಪ್ರಮೇಯ ಬರುವುದಿಲ್ಲ. ಕಾರ್ಖಾನೆಯವರನ್ನು ನಾನು ಬೈಯುವುದಿಲ್ಲ. ಕಾರ್ಖಾನೆ ಎರಡೇ ವರ್ಷಕ್ಕೆ ಬಾಗಿಲು ಹಾಕಿತು. ಆದರೆ ಐವತ್ತು ದಾಟಿದ ಮೇಲೂ ಆಲ್ಬಮ್ಮಿನ ಆ ಖಾಲಿ ಕಿಸೆ ನೋಡಿದಾಗ, ಕಿತ್ತ ಹಲ್ಲಿನ ಜಾಗಕ್ಕೆ ನಾಲಿಗೆ ಹೋಗುವಂತೆ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ನನ್ನ ಯಜಮಾನರು ಭಾರತೀನಗರದ ಕಾಲೇಜಿನಲ್ಲಿ ಗಣಿತ ಹೇಳುತ್ತಾರೆ. ಇಪ್ಪತ್ತನಾಲ್ಕರಲ್ಲಿ ಇಪ್ಪತ್ತಮೂರು ಎಂದರೆ ಡಿಸ್ಟಿಂಕ್ಷನ್ ಅಲ್ಲವೇ ಎಂದು ಅವರು ಸಮಾಧಾನ ಹೇಳುತ್ತಿದ್ದರು. ಡಿಸ್ಟಿಂಕ್ಷನ್ ಬಂದವರಿಗೆ ಬ್ಯಾಟು ಕೊಡುವುದಿಲ್ಲ ಎಂದು ನಾನು ಹೇಳುತ್ತಿದ್ದೆ.

ಹುಡುಕದ ಜಾಗವಿಲ್ಲ. ಫೋನಿನಲ್ಲಿ ಕಾರ್ಡು ಕೂಡಿಸುವವರ ಒಂದು ಗುಂಪಿಗೆ ಸೇರಿದೆ. ಅವರು ಚಿತ್ರವನ್ನು ನೋಡುವುದಿಲ್ಲ, ಮೂಲೆಗಳನ್ನು ನೋಡುತ್ತಾರೆ. ನಾಲ್ಕು ಮೂಲೆಯೂ ಚೂಪಾಗಿದ್ದರೆ ಕಾರ್ಡು ಉತ್ತಮ, ಒಂದು ಮೂಲೆ ಮಡಿಸಿದ್ದರೆ ಮಧ್ಯಮ. ಮಂಡ್ಯದ ಕಾರ್ಡು ಎಂದಾಗ ಅವರೆಲ್ಲ ಮತ್ತೆ ತಮ್ಮ ಮೂಲೆಗಳ ಮಾತಿಗೆ ಮರಳಿದರು. ಆಮೇಲೆ ನನ್ನ ರೋಗಿಗಳನ್ನು ಕೇಳತೊಡಗಿದೆ. ಇದರಲ್ಲಿ ಒಂದು ಸಣ್ಣ ತೊಡಕಿತ್ತು. ನಾನು ಕೇಳುವಾಗ ಅವರ ಬಾಯಲ್ಲಿ ನನ್ನ ಕೈ ಇರುತ್ತಿತ್ತು. ಕಬ್ಬು ಸಿಗಿಯಲು ಹೋಗಿ ಹಲ್ಲು ಮುರಿದುಕೊಂಡವರು, ವಡೆ ಕಡಿದು ಸಿಮೆಂಟು ಉದುರಿಸಿಕೊಂಡವರು, ಎಲ್ಲರೂ ನನ್ನ ಕೀಪರಿನ ಕತೆಯನ್ನು ಪೂರ್ತಿ ಕೇಳಿದ್ದಾರೆ. ಎದ್ದು ಹೋಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಹೋದ ವರ್ಷ ಪಿತೃಪಕ್ಷಕ್ಕೆ ಒಂದು ವಾರ ಮುಂಚೆ ಹೊಳಲಿನಿಂದ ಶಿವಣ್ಣ ಎಂಬ ರೈತರು ಬಂದರು. ಕೆಳದವಡೆಯ ಕಡೇ ಹಲ್ಲು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅದು ಹತ್ತುವ ತನಕ ಹೊತ್ತು ಕಳೆಯಲೆಂದು ಆಲ್ಬಂ ತೆರೆದು ಅವರ ಮುಂದೆ ಹಿಡಿದೆ. ಅವರು ಒಂದೊಂದೇ ಪುಟ ತಿರುಗಿಸಿದರು. ಇದ್ದಕ್ಕಿದ್ದಂತೆ ಎದ್ದು ಕೂತು, ಬೌಲರಿನ ಕಾಲಬುಡಕ್ಕೆ ಬೆರಳಿಟ್ಟು, ಏನೋ ಹೇಳಿದರು. ನನಗೆ ಕೇಳಿಸಿದ್ದು ಬರೀ ಸ್ವರಗಳು. ನಾಲಿಗೆಗೆ ಜೋಮು ಹಿಡಿದಿತ್ತು, ಹಿಡಿಸಿದವಳು ನಾನೇ. ನಲವತ್ತು ವರ್ಷದಿಂದ ಹುಡುಕುತ್ತಿದ್ದ ಉತ್ತರ ಕಣ್ಣೆದುರಿಗೆ ಜೊಲ್ಲು ಸುರಿಸಿಕೊಂಡು ಕೂತಿದೆ, ಅದನ್ನು ಕೇಳಲು ನಾನು ಇನ್ನೂ ಒಂದು ಗಂಟೆ ಕಾಯಬೇಕು. ಹಲ್ಲು ಕಿತ್ತೆ. ಹತ್ತಿ ಕಚ್ಚಿಸಿದೆ. ಇಬ್ಬರೂ ಗಡಿಯಾರ ನೋಡುತ್ತಾ ಕೂತೆವು.

ಕಡೆಗೆ ಅವರು ಹತ್ತಿ ಉಗಿದು ಹೇಳಿದರು: "ಈ ಉಲ್ಲು ನಮ್ಮನೇಲೂ ಅದೆ ಕಣ್ ಡಾಕ್ಟ್ರಮ್ಮ."

"ಯಾವ ಹುಲ್ಲು?"

"ಇದೇಯ. ಇದೇ ಉಲ್ಲು, ಇದೇ ಆಕಾಸ. ನಮ್ಮಪ್ಪನ ಫೋಟದಲ್ಲಿ. ಕೈಗೆ ದಪ್ಪ ಗವಸು ಆಕ್ಕಂಡು ನಿಂತವ್ನೆ. ಪಿತ್ರಪಕ್ಸಕ್ಕೆ ಎಡೆ ಇಕ್ತೀವಿ, ಬನ್ನಿ, ನೋಡೀರಂತೆ."

ನಮ್ಮ ಕಡೆ ಪಿತೃಪಕ್ಷದಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಅವರಿಗೆ ಬದುಕಿದ್ದಾಗ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಾಳೆ ಎಲೆಯ ಮೇಲೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಮನೆಮಂದಿಯೆಲ್ಲ ಆಚೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ಹಿರಿಯರು ನಾಚಿಕೊಳ್ಳದೆ ಉಣ್ಣಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ. ಊಟಕ್ಕೆ ಕರೆದರೆ ನಾನು ಹೋಗುವವಳೇ. ಆದರೆ ಅವತ್ತು ಹೊಳಲಿಗೆ ಹೊರಟದ್ದು ಊಟಕ್ಕಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ನನ್ನ ಮನಸ್ಸಿನಲ್ಲಿ ಒಂದು ಉಪಾಯವಿತ್ತು. ಸ್ಟುಡಿಯೋದಲ್ಲಿ ಆ ಚಿತ್ರದಿಂದ ಗೋಡೆಯಷ್ಟು ದೊಡ್ಡ ಪ್ರತಿ ತೆಗೆಸಿ, ಗಾಜು ಹಾಕಿಸಿ, ಅವರಿಗೆ ಕೊಡುವುದು. ಚಿಕ್ಕ ಕಾರ್ಡನ್ನು ನಾನು ಇಟ್ಟುಕೊಳ್ಳುವುದು. ಸಣ್ಣ ಅಪ್ಪನಿಗೆ ಬದಲಾಗಿ ದೊಡ್ಡ ಅಪ್ಪ. ಇದರಲ್ಲಿ ಯಾರಿಗೂ ನಷ್ಟವಿಲ್ಲ ಎಂದು ಕಾರು ಓಡಿಸುತ್ತಾ ನನಗೆ ನಾನೇ ಹೇಳಿಕೊಂಡೆ.

ನಡುಮನೆಯ ಗೋಡೆಗೆ ಒರಗಿಸಿ ಒಂದು ದೊಡ್ಡ ಕಟ್ಟಿನ ಪಟ ಇಟ್ಟಿದ್ದರು. ಅದರ ನಟ್ಟನಡುವೆ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾಗಿ, ಹನ್ನೊಂದನೇ ನಂಬರು. ಹುದ್ದೆ ಬರೆದ ಪಟ್ಟಿ ಸುತ್ತಲಿನ ರಟ್ಟಿನ ಅಡಿ ಮುಚ್ಚಿಹೋಗಿತ್ತು. ಕಾಲಿಗೆ ಪ್ಯಾಡು, ಕೈಗೆ ಗವಸು, ಕೊರಳಿಗೆ ಚೆಂಡುಹೂವಿನ ಹಾರ, ಗಾಜಿನ ಮೇಲೆ ಕುಂಕುಮ. ಬಿಸಿಲಿಗೆ ಬಣ್ಣವೆಲ್ಲ ಹಾರಿ ಆಕಾಶ ಬೆಳ್ಳಗಾಗಿತ್ತು, ಮುಖ ಅಷ್ಟಿಷ್ಟು ಉಳಿದಿತ್ತು. ಎಲೆಯ ಮೇಲೆ ಮುದ್ದೆ, ಮಟನ್ ಸಾರು, ಕಜ್ಜಾಯ, ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಹೊಸ ಪಂಚೆ. ಪಂಚೆಯ ಮೇಲೆ ಒಂದು ಹೊಚ್ಚಹೊಸ ಕೆಂಪು ಕ್ರಿಕೆಟ್ ಚೆಂಡು.

ಚೆಂಡು ಯಾಕೆ ಎಂದು ನಾನು ಕೇಳಲಿಲ್ಲ. ಎಡೆ ಮುಗಿಸಿ ಎಲ್ಲರೂ ಜಗಲಿಗೆ ಬಂದು ಬಾಗಿಲು ಹಾಕಿಕೊಂಡಾಗ ಶಿವಣ್ಣನವರೇ ಹೇಳಿದರು. "ಮೊಮ್ಮಕ್ಳು ಇಕ್ಕವೆ. ತಾತ ಮೈಸೂರು ಟೀಮಲ್ಲಿ ಆಡ್ತಿದ್ದ ಅಂತ ಅವು ನಂಬ್ಕಂಡವೆ. ಊರೋರೂ ಅಂಗೇ ಅಂತಾರೆ. ನಾನೂ ಸುಮ್ಕಿವ್ನಿ."

"ಸುಳ್ಳು ಯಾಕಣ್ಣಯ್ಯ ಏಳ್ತೀಯ ಡಾಕ್ಟ್ರಮ್ಮಂಗೆ?" ಎಂದರು ಪಕ್ಕದಲ್ಲಿ ಕೂತಿದ್ದ ಹೆಂಗಸು. ಶಿವಣ್ಣನವರ ತಂಗಿ ದೇವಮ್ಮ. ಭಾರತೀನಗರಕ್ಕೆ ಕೊಟ್ಟಿದ್ದಾರೆ, ಎಡೆಗೆಂದು ಬಂದಿದ್ದರು. "ಸುಮ್ಕೇನಿಲ್ಲ ಕಣಮ್ಮ, ಓದ್ ವರ್ಸ ತಾನೇ ತಂದ್ಕೊಟ್ಟ ಚೆಂಡ. ನಮ್ಮಪ್ಪ ಬ್ಯಾಟ್ ಇಡ್ದೋನಲ್ಲ. ಏಣಿ ಇಡ್ದೋನು."

ಆಗ ತಿಳಿಯಿತು. ರಾಚಪ್ಪನವರು ಜಿಲ್ಲೆಯ ಗೋಡೆಗಳ ಮೇಲೆಲ್ಲ ಬರೆಯುತ್ತಿದ್ದಾಗ ಕೆಳಗೆ ನಿಂತು ಏಣಿ ಹಿಡಿಯುತ್ತಿದ್ದವರು ಇವರ ತಂದೆ ಕರಿಸಿದ್ದಯ್ಯ. ಮೇಲೆ ಒಬ್ಬರು ಬರೆಯುವುದು, ಕೆಳಗೆ ಒಬ್ಬರು ಹಿಡಿಯುವುದು, ಹೀಗೇ ಎಷ್ಟೋ ವರ್ಷ. ಕೀಪರಿನ ಚಿತ್ರ ಬರೆಯುವಾಗ ರಾಚಪ್ಪನವರಿಗೆ ಬೇರೆ ಯಾರನ್ನೂ ಹುಡುಕುವ ಅಗತ್ಯ ಬೀಳಲಿಲ್ಲ. ಕಾಲು ಅಗಲಿಸಿ, ಮೊಣಕಾಲು ಕೊಂಚ ಬಗ್ಗಿಸಿ, ಎರಡು ಕೈ ಮುಂದೆ ಚಾಚಿ, ತಲೆ ಎತ್ತಿ ನಿಂತ ಮನುಷ್ಯ ದಿನವೂ ಕಾಲಕೆಳಗೇ ಇದ್ದರು. ಗವಸು ತೊಡಿಸಿದರೆ ಆಯಿತು. ಕೀಪರಾದವರು ಚೆಂಡಿನ ಕಡೆ ನೋಡಬೇಕು, ಇವರು ಯಾಕೆ ಆಕಾಶ ನೋಡುತ್ತಿದ್ದಾರೆ ಎಂದು ಒಳಗೆ ಪಟ ಕಂಡಾಗ ನನಗೆ ಅನ್ನಿಸಿತ್ತು. ಅವರು ಆಕಾಶ ನೋಡುತ್ತಿರಲಿಲ್ಲ. ಮೇಲಿರುವವರು ಬೀಳದಂತೆ ನೋಡಿಕೊಳ್ಳುತ್ತಿದ್ದರು.

"ಅಪ್ಪಂದು ಅಂತ ಇರಾದು ಇದೊಂದೇ ಫೋಟ ಕಣಮ್ಮ," ಎಂದರು ದೇವಮ್ಮ. "ನಂಗೆ ವರ್ಸಕ್ಕೊಂದು ದಿನ ಕಾಣಾದು. ಇವ್ನಿಗೆ ದಿನಾ ಕಾಣ್ತದೆ, ಇವ್ನು ನೋಡಾದೇ ಇಲ್ಲ."

"ಶುರುವಾಯ್ತು," ಎಂದರು ಶಿವಣ್ಣ. "ಪ್ರತಿ ವರ್ಸ ಬಾಗ್ಲು ಆಕಿದ್ ತಕ್ಷಣ ಇದೇ ಜಗಳ. ಅಪ್ಪ ಒಳ್ಗೆ ಉಂಡಾನಾ, ಕಿವಿಗೊಟ್ಟು ಕೂತಾನಾ?"

ದೇವಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಒಂದ್ಸಲ ಏಣಿ ಜಾರ್ತು. ಅಪ್ಪ ಬುಡ್ನಿಲ್ಲ, ತಬ್ಕಂಡು ನಿಂತ್ಕಂಡ. ಏಣಿ ಕಾಲು ಗದ್ದಕ್ಕೆ ಒಡೆದು ಸೀಳೋಯ್ತು. ಆ ಕಲೆ ಸಾಯಗಂಟ ಇತ್ತು. ಪಟದಲ್ಲಿ ಕಾಣಾಕಿಲ್ಲ, ಬಣ್ಣ ಓಗ್ಬುಟ್ಟದೆ. ಈಗೀಗ ನಂಗೆ ಅದು ಎಡಕ್ಕಿತ್ತಾ ಬಲಕ್ಕಿತ್ತಾ ಅನ್ನಾದೇ ಮರ್ತೋಯ್ತದೆ. ಇವ್ನ ಕೇಳುದ್ರೆ ಕಲೇನೇ ಇರ್ಲಿಲ್ಲ ಅಂತಾನೆ."

ಶಿವಣ್ಣ ಬಾಗಿಲು ತಟ್ಟಿದರು. ಎಲ್ಲರೂ ಒಳಗೆ ಹೋದೆವು. ಸಾರು ಚೆನ್ನಾಗಿತ್ತು.

ಊಟವಾದ ಮೇಲೆ ನನ್ನ ಉಪಾಯ ಮುಂದಿಟ್ಟೆ, ಅರ್ಧ ಮಾತ್ರ. ಸ್ಟುಡಿಯೋದಲ್ಲಿ ಎರಡು ದೊಡ್ಡ ಪ್ರತಿ ಮಾಡಿಸಿ ಅಣ್ಣನಿಗೊಂದು ತಂಗಿಗೊಂದು ಕೊಡುತ್ತೇನೆ, ಪಟ ಕೊಟ್ಟಿರಿ ಎಂದೆ. ಚಿಕ್ಕದನ್ನು ಇಟ್ಟುಕೊಳ್ಳುವ ಮಾತು ಆ ಬಾಳೆ ಎಲೆಯ ಮುಂದೆ ಬಾಯಿಗೆ ಬರಲಿಲ್ಲ. ಆಮೇಲೆ ಕೇಳಿದರಾಯಿತು ಅಂದುಕೊಂಡೆ. ಅಪ್ಪನನ್ನು ಮನೆಯಿಂದ ಆಚೆ ಕಳಿಸಬಹುದೇ ಎಂಬ ಬಗ್ಗೆ ಸ್ವಲ್ಪ ಚರ್ಚೆ ನಡೆಯಿತು. ಶಿವಣ್ಣನವರೇ ತೀರ್ಪು ಕೊಟ್ಟರು. "ಉಂಡು ಓಗವ್ನೆ. ಇನ್ನು ಮುಂದಿನ ಪಕ್ಸಕ್ಕೇ ಬರಾದು. ಅಷ್ಟೊಳ್ಗೆ ತಂದ್ಕೊಡಿ." ಪಟವನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ. ದಾರಿಯುದ್ದಕ್ಕೂ ನಿಧಾನವಾಗಿಯೇ ಬಂದೆ.

ಮಾರನೇ ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿನಲ್ಲಿ ಪಟ ಬಿಚ್ಚಿದೆ. ತುಕ್ಕು ಹಿಡಿದ ಮೊಳೆಗಳನ್ನು ಅಲ್ಲಾಡಿಸಿ ಅಲ್ಲಾಡಿಸಿ ಕೀಳುವುದು ನನಗೆ ಹೊಸ ಕೆಲಸವಲ್ಲ. ಹಿಂದಿನ ಹಲಗೆ ಬಂತು, ಹಳೆಯ ಪೇಪರು ಬಂತು, ಆಮೇಲೆ ಕೀಪರು. ಕಾರ್ಡು ಯಾಕೋ ದಪ್ಪಗಿದೆಯಲ್ಲ ಎಂದು ಉಗುರಿನಿಂದ ಅಂಚು ಬಿಡಿಸಿ ನೋಡಿದರೆ, ಒಂದಲ್ಲ, ಎರಡು. ಕಟ್ಟು ಹಾಕಿದವನಿಗೆ ತೆಳ್ಳಗಿನ ಕಾರ್ಡು ಬಾಗೀತು ಅನ್ನಿಸಿದೆ. ಒತ್ತಿಗೆಂದು ಹಿಂದೆ ಇನ್ನೊಂದು ಕಾರ್ಡು ಇಟ್ಟಿದ್ದಾನೆ. ರಾಚಪ್ಪನವರು ಏಣಿ ಹಿಡಿದವರಿಗೆ ಒಂದಲ್ಲ ಎರಡು ಕೊಟ್ಟಿದ್ದರು ಎಂದಾಯಿತು. ಎರಡನೆಯದೂ ಹನ್ನೊಂದನೇ ನಂಬರೇ. ಬಿಸಿಲು ಕಂಡಿಲ್ಲ, ಕೈ ಸೋಕಿಲ್ಲ. ಆಕಾಶ ನಿನ್ನೆ ಬಳಿದಂತೆ ನೀಲಿ. ಆ ಫೋನಿನ ಗುಂಪಿನವರು ಕಂಡಿದ್ದರೆ ಎಚ್ಚರ ತಪ್ಪುತ್ತಿದ್ದರು. ನಾಲ್ಕು ಮೂಲೆಯೂ ಕೈಗೆ ಚುಚ್ಚುವಷ್ಟು ಚೂಪು.

ಇದು ಶಿವಣ್ಣನವರಿಗೆ ಗೊತ್ತಿರಲಿಲ್ಲ, ದೇವಮ್ಮನವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಮದ್ದೂರಿನ ಹಲ್ಲಿನ ಡಾಕ್ಟರು ಒಬ್ಬಳೇ. ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಆಲ್ಬಂ ತೆಗೆದು, ಕಾರ್ಡನ್ನು ಹನ್ನೊಂದನೇ ಕಿಸೆಗೆ ಸೇರಿಸಿದಳು.

ಸ್ಟುಡಿಯೋದವರು ಪ್ರತಿ ಮಾಡಲು ಒಂಬತ್ತು ದಿನ ತೆಗೆದುಕೊಂಡರು. ಆ ಒಂಬತ್ತು ದಿನವೂ ನಾನು ಇಪ್ಪತ್ತನಾಲ್ಕು ಕಾರ್ಡುಗಳ ಒಡತಿ. ನನ್ನ ವಾದಗಳು ಗಟ್ಟಿಯಾಗಿದ್ದವು. ಅವರು ಕಳೆದುಕೊಂಡಿಲ್ಲ, ಏಕೆಂದರೆ ಇದೆಯೆಂದೇ ತಿಳಿದಿಲ್ಲ. ಅವರ ಅಪ್ಪ ಮುಂದಿನ ಕಾರ್ಡು, ಇದು ಬರೀ ಒತ್ತು. ಒತ್ತಿಗೆ ಇದಕ್ಕಿಂತ ಗಟ್ಟಿಯಾದ ಹೊಸ ರಟ್ಟನ್ನೇ ಹಾಕಿಸಿಕೊಡುತ್ತೇನೆ. ಮೇಲಾಗಿ ಇದಕ್ಕಾಗಿ ನಾನು ನಾಲ್ಕು ದವಡೆ ಹಲ್ಲು ಮೊದಲೇ ಕೊಟ್ಟಿದ್ದೇನೆ. ಎದುರುವಾದ ಮಾಡುವವರು ಯಾರೂ ಇಲ್ಲದಿದ್ದಾಗ ನನ್ನಷ್ಟು ಚೆನ್ನಾಗಿ ವಾದಿಸುವವರಿಲ್ಲ. ಆದರೂ ಕಾರ್ಡು ಸಿಕ್ಕಿದ ವಿಷಯವನ್ನು ನಮ್ಮ ಯಜಮಾನರಿಗೆ ಹೇಳಿರಲಿಲ್ಲ. ನಲವತ್ತು ವರ್ಷ ಬಯಸಿದ್ದು ಕೈಗೆ ಬಂದಿದೆ, ಬಾಯಿಬಿಟ್ಟು ಒಬ್ಬರಿಗೂ ಹೇಳುವ ಹಾಗಿಲ್ಲ.

ಒಂಬತ್ತನೇ ದಿನ ಭೂತಗನ್ನಡಿ ಹಿಡಿದು ಇಪ್ಪತ್ತನಾಲ್ಕನ್ನೂ ಸಾಲಾಗಿ ನೋಡಿದೆ. ಬೌಲರು ನನ್ನನ್ನೇ ನೋಡುತ್ತಿದ್ದರು. ಬ್ಯಾಟ್ಸ್‌ಮನ್ನರು, ಅಂಪೈರು, ಕೊಡೆಯ ಕೆಳಗಿನ ಪ್ರೇಕ್ಷಕರು, ಎಲ್ಲರೂ ಚಿತ್ರಕ್ಕೆಂದು ನಿಂತವರು, ಎಲ್ಲರ ಕಣ್ಣೂ ನೋಡುವವರ ಮೇಲೆ. ಕೀಪರೊಬ್ಬರು ನನ್ನನ್ನು ನೋಡುತ್ತಿರಲಿಲ್ಲ. ಅವರಿಗೆ ಕೆಲಸವಿತ್ತು. ಗಾಜನ್ನು ಇನ್ನೂ ಹತ್ತಿರಕ್ಕೆ ಹಿಡಿದೆ. ಗದ್ದದ ಮೇಲೆ, ಒಂದೇ ಕೂದಲಿನ ಕುಂಚದಿಂದ ಎಳೆದಂಥ ಸಣ್ಣದೊಂದು ಕಂದು ಗೆರೆ. ಅಚ್ಚಿನವರ ತಪ್ಪಿರಬಹುದೇ ಎಂದು ಬೇರೆ ಕಾರ್ಡುಗಳಲ್ಲಿ ಹುಡುಕಿದೆ, ಎಲ್ಲೂ ಇಲ್ಲ. ಕ್ರಿಕೆಟ್ ಚೆಂಡಿನ ಅಳತೆ ಗೊತ್ತಿಲ್ಲದ ರಾಚಪ್ಪನವರು, ತಾನು ಬೀಳಬಾರದೆಂದು ಇನ್ನೊಬ್ಬರ ಮುಖದ ಮೇಲೆ ಆದ ಗಾಯವನ್ನು ಅಷ್ಟು ಪುಟ್ಟ ಜಾಗದಲ್ಲಿ ಮರೆಯದೆ ಬರೆದಿದ್ದರು. ಎಡಗಡೆ.

ಭೂತಗನ್ನಡಿ ಕೆಳಗಿಟ್ಟೆ. ದೇವಮ್ಮನವರು ಜಗಲಿಯ ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಇದ್ದದ್ದು ಇಡೀ ಭೂಮಿಯ ಮೇಲೆ ನನ್ನ ಮೂರನೇ ಡ್ರಾಯರಿನಲ್ಲಿ ಮಾತ್ರ. ನನಗೆ ನಾಚಿಕೆಯಾಯಿತು. ಗಟ್ಟಿಯಾದ ವಾದಗಳು ಒಂದೂ ನೆನಪಿಗೆ ಬರಲಿಲ್ಲ.

ಶಿವಣ್ಣನವರಿಗೆ ಫೋನು ಮಾಡಿ, ಪಟದ ಹಿಂದೆ ಇನ್ನೊಂದಿತ್ತು ಎಂದೆ. ಅದೂ ಅಪ್ಪನದೇನಾ ಎಂದು ಅವರು ಎರಡು ಸಲ ಕೇಳಿದರು. ಆಮೇಲೆ, "ದ್ಯಾವಿಗೆ ಕೊಟ್ಬುಡಿ ಡಾಕ್ಟ್ರಮ್ಮ," ಎಂದರು. "ವರ್ಸ ವರ್ಸ ಜಗಳ ತಪ್ತದೆ." ಇನ್ನೂ ಏನೋ ಹೇಳಲು ಹೋಗಿ, ಹಲ್ಲು ಕಿತ್ತ ಜಾಗ ಈಗ ನೋಯುತ್ತಿಲ್ಲ ಎಂದು ಹೇಳಿ ಫೋನಿಟ್ಟರು.

ಮಾರನೇ ಬೆಳಿಗ್ಗೆ ಯಜಮಾನರು ಕಾಲೇಜಿಗೆ ಹೊರಟಾಗ ನಾನೂ ಭಾರತೀನಗರಕ್ಕೆ ಹೋದೆ. ದೇವಮ್ಮ ಮನೆಯ ಮುಂದೆ ರಾಗಿ ಒಣಹಾಕುತ್ತಿದ್ದರು. ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾರ್ಡು ತೆಗೆದುಕೊಂಡು, ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ತುಂಬ ಹೊತ್ತು ನೋಡಿದರು.

"ಎಡಕ್ಕೆ," ಎಂದರು.

ಆಮೇಲೆ ಕೇಳಿದರು: "ಎಲ್ಲಿತ್ತಮ್ಮ ಇದು?"

"ನಿಮ್ಮಣ್ಣನ ಪಟದ ಹಿಂದೆ. ಒತ್ತಿಗೆ ಅಂತ ಇಟ್ಟಿದ್ದರು."

"ಅಂಗಾರೆ ನಮ್ಮಪ್ಪ ಇಬ್ರಿಗೂ ಒಂದೊಂದು ಮಡಗಿದ್ದ," ಎಂದರು. "ನಾನು ಮೂವತ್ತು ವರ್ಸ ಅದ್ರ ಮುಂದೇ ಕೂತ್ಕಂಡು ಜಗಳ ಆಡ್ದೆ."

ನನಗೆ ತಡೆದುಕೊಳ್ಳಲಾಗಲಿಲ್ಲ. ಇದು ಸಿಕ್ಕಿ ಒಂಬತ್ತು ದಿನವಾಯಿತು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ, ಕೊಡಬಾರದೆಂದೇ ಇದ್ದೆ ಎಂದು ಹೇಳಿಬಿಟ್ಟೆ. ದೇವಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

"ನಮ್ಮಪ್ಪನ್ನ ನೀವು ಯಾಕೆ ಮಡೀಕತೀರಿ?"

ಬ್ಯಾಟಿನ ಕತೆ ಹೇಳಿದೆ. ಅವರು ಕಾರ್ಡು ತಿರುಗಿಸಿದರು. ಹಿಂಬದಿಯ ಪ್ರಕಟಣೆಯನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಓದಿ ಮುಗಿಸಿ ಲೆಕ್ಕ ಹಾಕಿದರು.

"ನಿಮ್ತಾವ ಇಪ್ಪತ್ಮೂರು. ನನ್ತಾವ ಒಂದು. ಅಂದ್ರೆ ಬ್ಯಾಟು ನಮ್ಮಿಬ್ರುದೂವೆ. ಆ ಕಾರ್ಖಾನೆಯೋನ ಮಕ್ಳು ಯಾರಾರ ಮಂಡ್ಯದಲ್ಲಿ ಇದ್ರೆ ಏಳಿ, ಇಬ್ರೂ ಓಗಿ ಕೇಳಾವ."

ಅವರು ನಗಲಿಲ್ಲ. ನಾನೂ ನಗಲಿಲ್ಲ. ಕಾಫಿ ಕುಡಿದು ಎದ್ದಾಗ, ಮುಂದಿನ ಪಿತೃಪಕ್ಷಕ್ಕೆ ಎಡೆ ಇಲ್ಲೂ ಇಡುವುದೆಂದೂ, ನಾನು ತಪ್ಪದೆ ಬರಬೇಕೆಂದೂ, ಆದರೆ ಚೆಂಡು ತರಕೂಡದೆಂದೂ ಹೇಳಿದರು.

ದೊಡ್ಡ ಪ್ರತಿಯೊಂದನ್ನು ಅವರಿಗೆ ಕೊಟ್ಟು, ಇನ್ನೊಂದನ್ನೂ ಪಟವನ್ನೂ ಹೊಳಲಿಗೆ ಮುಟ್ಟಿಸಿ ಬಂದೆ. ಸಂಜೆ ನಮ್ಮ ಯಜಮಾನರಿಗೆ ಎಲ್ಲವನ್ನೂ ಹೇಳಿ ಆಲ್ಬಂ ತೋರಿಸಿದೆ. ಹನ್ನೊಂದನೇ ಕಿಸೆ ಮೊದಲಿನಂತೆ ಖಾಲಿ. ಕಡೆಗೂ ಸೆಟ್ಟು ಪೂರ್ತಿಯಾಗಲಿಲ್ಲ ನೋಡಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಮೊದಲ ವರ್ಷದ ಹುಡುಗರಿಗೆ ಹೇಳುವ ದನಿಯಲ್ಲಿ ಹೇಳಿದರು: ಗಣದ, ಅಂದರೆ ಸೆಟ್ಟಿನ, ಸದಸ್ಯರು ಯಾರ್ಯಾರು ಎಂಬುದು ಖಚಿತವಾಗಿದ್ದರೆ ಸಾಕು, ಅವರೆಲ್ಲ ಒಂದೇ ಡ್ರಾಯರಿನಲ್ಲಿ ಇರಬೇಕೆಂದು ಗಣಿತದಲ್ಲಿ ಎಲ್ಲೂ ಹೇಳಿಲ್ಲ.

ಅಂದಿನಿಂದ ಆಲ್ಬಮ್ಮಿನಲ್ಲಿ ಆ ಖಾಲಿ ಕಿಸೆಗೆ ಬಂದಾಗ ನನ್ನ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ಕರಿಸಿದ್ದಯ್ಯನವರು ಎಲ್ಲಿದ್ದಾರೆಂದು ನನಗೆ ಗೊತ್ತು. ಒಂದು ಕಡೆ ಮಗನ ಮನೆಯಲ್ಲಿ, ಇನ್ನೊಂದು ಕಡೆ ಮಗಳ ಮನೆಯಲ್ಲಿ, ತಲೆ ಎತ್ತಿಕೊಂಡು, ಕೈ ಬಿಡದೆ ನಿಂತಿದ್ದಾರೆ.